ಒಂದು ತೋಟೆಯ ವಂಶಾವಳಿ

ಬಂದೂಕವೆಂದ ಕೂಡಲೆ ನಮ್ಮ ದೃಷ್ಟಿ ಮೊದಲು ಅದರ ನಳಿಗೆಯ ಮೇಲೆ ಬೀಳುವುದು. ಆಮೇಲೆ ಮರದ ಹಿಡಿ, ಕುದುರೆ, ಗುರಿಯ ಮುಳ್ಳು ಇವುಗಳ ಮೇಲೆ. ಅದರ ಹೊಟ್ಟೆಯೊಳಕ್ಕೆ ಹೋಗಿ, ಕಣ್ಣು ಮಿಟುಕಿಸುವುದರೊಳಗೆ ತನ್ನ ಕೆಲಸವನ್ನು ಮುಗಿಸಿ, ಹೊರಕ್ಕೆ ಬಿದ್ದುಹೋಗುವ ಹಿತ್ತಾಳೆಯ ತುಂಡನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಹಳ್ಳಿಯ ಹುಡುಗರು ಖಾಲಿ ತೋಟೆಯನ್ನು ಆಯ್ದು ತುಟಿಗಿಟ್ಟು ಸಿಳ್ಳು ಹಾಕುವುದುಂಟು. ಅದಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕೆ ಸಾಧಾರಣವಾಗಿ ಸಲ್ಲುವುದಿಲ್ಲ. ಆದರೆ ಯಂತ್ರಗಳ ಚರಿತ್ರೆಯನ್ನು ಓದುವವನಿಗೆ ಈ ತುಂಡು ತಾಮ್ರಶಾಸನದಷ್ಟೇ ಬೆಲೆಯುಳ್ಳದ್ದು. ಯಾವ ಯುದ್ಧದಲ್ಲಿ ಯಾರು ಸೋತರು, ಯಾವ ಸರಕಾರ ಯಾರಿಗೆ ಹೆದರಿತು, ಯಾವ ಕಂಪನಿ ಯಾರ ಬುದ್ಧಿಯಿಂದ ಲಾಭ ಪಡೆಯಿತು ಎಂಬುದೆಲ್ಲವೂ ಅದರ ಅಳತೆಗಳಲ್ಲಿ ಅಡಗಿದೆ. ಈ ಹೊತ್ತು ನಾವು ಅಂಥ ಒಂದು ತೋಟೆಯ ವಂಶವನ್ನು ಹಿಡಿದು ನಡೆಯೋಣ. ಅದು ಯಾವ ಕಾರ್ಖಾನೆಯಲ್ಲಿಯೂ ಹುಟ್ಟಿದುದಲ್ಲ. ಬೇರೊಂದು ತೋಟೆಯ ಕತ್ತನ್ನು ಕಿರಿದುಮಾಡಿ ಖಾಸಗಿ ಜನರು ತಮ್ಮ ಕೈಯಿಂದ ಮಾಡಿಕೊಂಡದ್ದು. ಕಾರ್ಖಾನೆಯವರು ಅದನ್ನು ತಮ್ಮದೆಂದು ಒಪ್ಪಿಕೊಳ್ಳಲು ಸುಮಾರು 30 ವರ್ಷಗಳು ಹಿಡಿದವು.

ತೋಟೆಯೆಂದರೆ ನಾಲ್ಕು ವಸ್ತುಗಳ ಕೂಟ. ಮುಂದೆ ಗುಂಡು, ಹಿಂದೆ, ಬಡಿದರೆ ಕಿಡಿಕಾರುವ ಕೇಪು, ನಡುವೆ ಮದ್ದು, ಈ ಮೂರನ್ನೂ ಹೊತ್ತಿರುವುದು ಹಿತ್ತಾಳೆಯ ಕೊಳವೆ. ಮೊದಲಿನ ಮೂರೂ ಒಂದೇ ಸಲಕ್ಕೆ ಮುಗಿದುಹೋಗತಕ್ಕವು. ಕೊಳವೆ ಮಾತ್ರ ಉಳಿಯುವುದು. ಅದರ ಆಕಾರವನ್ನು ತಿಳಿಯಬೇಕಾದರೆ ಮನೆಯ ಹೂಜಿಯನ್ನು ನೆನೆದರೆ ಸಾಕು: ಕೆಳಗೆ ಬುಡ, ಅದರ ಮೇಲೆ ಅಗಲವಾದ ಒಡಲು, ಆಮೇಲೆ ಇಳಿಜಾರಾದ ಹೆಗಲು, ತುದಿಗೆ ಕಿರಿದಾದ ಕತ್ತು. ಈ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತುವು. ನಮ್ಮ ಕಂಚುಗಾರರಿಗೆಲ್ಲ ತಿಳಿದ ಒಂದು ಗುಣ ಇದಕ್ಕುಂಟು. ಕುಟ್ಟಿದಷ್ಟೂ ಗಡುಸಾಗುವುದು, ಕಾಸಿದರೆ ಮತ್ತೆ ಮೆದುವಾಗುವುದು. ಆದ್ದರಿಂದ ಒಂದೇ ಕೊಳವೆಯಲ್ಲಿ ಬುಡವನ್ನು ದಪ್ಪವಾಗಿಯೂ ಗಡುಸಾಗಿಯೂ, ಕತ್ತನ್ನು ತೆಳ್ಳಗೂ ಮೆತ್ತಗೂ ಇಡಲು ಸಾಧ್ಯವಾಗಿದೆ. ಮದ್ದು ಹೊತ್ತಿದಾಗ ಕೊಳವೆಯು ಉಬ್ಬಿ, ನಳಿಗೆಯ ಹಿಂಭಾಗದಲ್ಲಿ ಅದಕ್ಕೆಂದೇ ಕೊರೆದಿರುವ ಗೂಡಿನ ಗೋಡೆಗೆ ಒತ್ತಿಕೊಂಡು, ಹೊಗೆ ಹಿಂದಕ್ಕೆ ನುಗ್ಗದಂತೆ ತಡೆಯುವುದು. ಒತ್ತಡ ಇಳಿದ ಕೂಡಲೆ ಕೂದಲೆಳೆಯಷ್ಟು ಕುಗ್ಗಿ, ಎಳೆದರೆ ಹೊರಕ್ಕೆ ಬರುವುದು. ಉಬ್ಬಬೇಕು, ಆದರೆ ಒಡೆಯಬಾರದು. ಕುಗ್ಗಬೇಕು, ಆದರೆ ಸಿಕ್ಕಿಕೊಳ್ಳಬಾರದು. ಈ ಒತ್ತಡವು ಈಗಿನ ರೈಫಲುಗಳಲ್ಲಿ ಚದರ ಅಂಗುಲಕ್ಕೆ 60,000 ಪೌಂಡುಗಳವರೆಗೆ ಏರುವುದು. ಹಳೆಯ ಉಗಿಬಂಡಿಯ ಹಂಡೆಯಲ್ಲಿ ಇದ್ದುದು ಸುಮಾರು 200 ಪೌಂಡು. ಅಷ್ಟು ಒತ್ತಡವನ್ನು ತಡೆದು ನಿಂತಿರುವ ಹಿತ್ತಾಳೆಯ ಬುಡವು ಗುರಿಯಿಡುವವನ ಕಣ್ಣಿಗೆ ಒಂದು ಗೇಣಿನಷ್ಟೇ ದೂರದಲ್ಲಿರುವುದು. ನಾವು ಮುಂದೆ ಹೇಳುವ ಕಥೆಯಲ್ಲಿ ಈ ಒಂದು ಗೇಣಿನ ಮಾತನ್ನು ಯಾರೂ ಮರೆಯುವಂತಿಲ್ಲ.

ಕತ್ತನ್ನು ಕಿರಿದುಮಾಡುವುದು ಸುಲಭವೆಂದು ತೋರುವುದು. ಆದರೆ ಹಿತ್ತಾಳೆ ಆ ಬಲಾತ್ಕಾರವನ್ನು ಮರೆಯುವುದಿಲ್ಲ. ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನ ಉಂಟು. ಇಂಗ್ಲಿಷರ ಸೈನ್ಯವು ಇಲ್ಲಿ ತೋಟೆಗಳನ್ನು ಕುದುರೆಲಾಯಗಳಲ್ಲಿ ಇಟ್ಟಿದ್ದಾಗ, ಮಳೆಗಾಲ ಬಂತೆಂದರೆ ಅವುಗಳ ಕತ್ತು ತಾನಾಗಿಯೇ ಸೀಳುತ್ತಿತ್ತು. ಯಾರೂ ಮುಟ್ಟಿದುದಲ್ಲ, ಹೊಡೆದುದಲ್ಲ. ಪೆಟ್ಟಿಗೆಯಲ್ಲಿ ಮಲಗಿದ್ದಂತೆಯೇ ಬಿರುಕು. ಋತುವನ್ನನುಸರಿಸಿ ಬಂದುದರಿಂದ ಅದಕ್ಕೆ ಋತುಬಿರುಕೆಂಬ ಅರ್ಥದ ಹೆಸರೇ ಇಂಗ್ಲಿಷಿನಲ್ಲಿ ನಿಂತಿತು. ಕಾರಣವು ತಿಳಿದುದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು ಇದರ ಗುಟ್ಟನ್ನು ಬಿಡಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಎಳೆದು ಹಿಸುಕಿದಾಗ ಹಿತ್ತಾಳೆಯೊಳಗೆ ಉಳಿದುಕೊಂಡ ಬಿಗುವು, ಈ ಮೂರೂ ಕೂಡಿದಾಗ ಲೋಹ ಸೀಳುವುದು. ಮಾಡಿ ಮುಗಿಸಿದ ಮೇಲೆ ಹದವಾಗಿ ಕಾಸಿ ಒಳಗಿನ ಬಿಗುವನ್ನು ಇಳಿಸಿಬಿಟ್ಟರೆ ಈ ತೊಂದರೆಯಿಲ್ಲ. ಬೆಂಕಿಯ ಉಪಚಾರವಿಲ್ಲದೆ ತೋಟೆಯ ಆಕಾರವನ್ನು ಬದಲಾಯಿಸಹೊರಟವನಿಗೆ ಲಾಯದ ಕುದುರೆಗಳೇ ಬುದ್ಧಿ ಹೇಳಿದವು ಎನ್ನಬಹುದು.

ಇನ್ನು, ಹೊಸ ತೋಟೆ ಬೇಕೆಂದವನು ಹಳೆಯ ಕೊಳವೆಯನ್ನೇ ಏಕೆ ಹಿಡಿಯಬೇಕು? ಕಾರಣ ಸರಳವಾದುದು. ಕೊಳವೆಯನ್ನು ಮೊದಲಿನಿಂದ ಮಾಡಬೇಕಾದರೆ ಹಿತ್ತಾಳೆಯ ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಆ ಬಟ್ಟಲನ್ನು ಒಂದಾದ ಮೇಲೊಂದು ಅಚ್ಚಿನಲ್ಲಿ ಎಳೆದು, ನಡುನಡುವೆ ಕಾಸಿ, ಕೊನೆಗೆ ಬುಡವನ್ನು ಭಾರಿಯಾದ ಒತ್ತುಯಂತ್ರದಿಂದ ಹೊಡೆದು ರೂಪಿಸಬೇಕು. ಇದು ದೊಡ್ಡ ಕಾರ್ಖಾನೆಯ ಕೆಲಸ. ಅಲ್ಲದೆ, ಬುಡದ ಅಳತೆಗೆ ತಕ್ಕಂತೆ ರೈಫಲಿನ ಅಗುಳಿಯ ಮುಖವಿರುವುದು. ಬುಡವನ್ನು ಬದಲಾಯಿಸಿದರೆ ಬಂದೂಕವನ್ನೇ ಬದಲಾಯಿಸಬೇಕಾಗುವುದು. ಆದರೆ ಕತ್ತನ್ನೂ ಹೆಗಲನ್ನೂ ಒಬ್ಬ ಮನುಷ್ಯನು ತನ್ನ ಮೇಜಿನ ಮೇಲೆ ಉಕ್ಕಿನ ಅಚ್ಚು, ಕೈಮಿಣಿಯ ಒತ್ತುಯಂತ್ರ, ಒಂದು ದೀಪದ ಉರಿ ಇಷ್ಟರಿಂದಲೇ ತಿದ್ದಬಲ್ಲನು. ಹೀಗಾಗಿ ತೋಟೆಯ ಕೆಳಗಿನ ಅರ್ಧ ಕಾರ್ಖಾನೆಯದು, ಮೇಲಿನ ಅರ್ಧ ಯಾರದಾದರೂ ಆಗಬಹುದು.

ಈ ರೂಢಿ ಹೊಸದೂ ಅಲ್ಲ, ಅಮೆರಿಕದವರದೇ ಆದದ್ದೂ ಅಲ್ಲ. ಇಂಗ್ಲಿಷರು 1871ರಲ್ಲಿ ಅಂಗೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲಿನ ತೋಟೆಯ ಹೆಸರು .577/450. ಎಂದರೆ ಅದಕ್ಕೆ ಹಿಂದಿನ ಸ್ನೈಡರ್ ಬಂದೂಕದ .577 ಅಂಗುಲದ ಒಡಲು, ಗುಂಡು ಮಾತ್ರ.45 ಅಂಗುಲದ್ದು. ತಂದೆಯ ಹೆಸರೂ ಮಗನ ಹೆಸರೂ ಒಂದೇ ಉಸಿರಿನಲ್ಲಿ ಬರುವ ಈ ಪದ್ಧತಿಯು ನಮ್ಮಲ್ಲಿ ಹೆಸರಿಡುವ ಕ್ರಮಕ್ಕೆ ದೂರವಾದುದೇನಲ್ಲ. ಈ ಮಾರ್ಟಿನಿಯಿಂದಲೇ ಭಾರತದಲ್ಲಿ ಒಂದು ವಿಚಿತ್ರವಾದ ಪ್ರಸಂಗ ಒದಗಿತು. ಆ ರೈಫಲುಗಳು ಸರಕಾರಕ್ಕೆ ಬೇಡವಾದವರ ಕೈ ಸೇರಿದ್ದುವು. .450 ಅಳತೆಯ ಮದ್ದುಗುಂಡು ಅವರಿಗೆ ದೊರೆತೀತೆಂಬ ಭಯದಿಂದ, ಆ ಅಳತೆಯ ಬೇಟೆಯ ರೈಫಲುಗಳು ಭಾರತಕ್ಕೂ ಸೂಡಾನಿಗೂ ಬರಕೂಡದೆಂದು ಬ್ರಿಟಿಷರು ವಿಧಿಸಿದರು. ಆನೆ ಕಾಟಿಗಳ ಬೇಟೆಗೆ ಆಗ ಅದೇ ಬಳಕೆಯ ಅಳತೆ. ಲಂಡನ್ನಿನ ಬಂದೂಕದ ವ್ಯಾಪಾರಿಗಳಿಗೆ ಒಳ್ಳೆಯ ಗಿರಾಕಿ ತಪ್ಪಿತು. ಅವರೇನು ಮಾಡಿದರು? ಇದ್ದ .500 ಅಂಗುಲದ ಕೊಳವೆಯನ್ನು ತೆಗೆದುಕೊಂಡು, ಕತ್ತನ್ನು .450ಕ್ಕಿಂತ ಸ್ವಲ್ಪ ದೊಡ್ಡದಾಗುವಂತೆ ಕಿರಿದುಮಾಡಿದರು. 1907ರ ಸುಮಾರಿಗೆ ಹಾಲೆಂಡ್ ಕಂಪನಿಯ .500/465, ಜೋಸೆಫ್ ಲ್ಯಾಂಗನ .470, ಇವೆಲ್ಲ ಹೀಗೆ ಬಂದುವು. ಕಾನೂನಿನ ಒಂದು ಸಾಲಿನಿಂದ ಹುಟ್ಟಿದ .470 ಇಂದಿಗೂ ಆಫ್ರಿಕದ ಕಾಡುಗಳಲ್ಲಿ ನಡೆಯುತ್ತಿದೆ. ಅದನ್ನು ಹುಟ್ಟಿಸಿದ ನಿಷೇಧ ಯಾರ ನೆನಪಿನಲ್ಲಿಯೂ ಇಲ್ಲ.

ಈಗ ನಮ್ಮ ಮುಖ್ಯವಾದ ವಂಶಕ್ಕೆ ಬರೋಣ. ಇದರ ಮೂಲಪುರುಷನು ಜರ್ಮನಿಯವನು. 1886ರಲ್ಲಿ ಫ್ರಾನ್ಸು ಹೊಗೆಯಿಲ್ಲದ ಮದ್ದಿನ ರೈಫಲನ್ನು ಹೊರತಂದು ಯೂರೋಪನ್ನೆಲ್ಲ ಬೆಚ್ಚಿಬೀಳಿಸಿತು. ಅದಕ್ಕೆ ಉತ್ತರವಾಗಿ ಜರ್ಮನಿಯ ಸೈನ್ಯದ ಒಂದು ಸಮಿತಿಯು 1888ರಲ್ಲಿ ಹೊಸ ರೈಫಲನ್ನೂ ಹೊಸ ತೋಟೆಯನ್ನೂ ಸಿದ್ಧಪಡಿಸಿತು. ಬುಡದ ಅಂಚು ಹೊರಕ್ಕೆ ಚಾಚದೆ, ಒಡಲಿನಷ್ಟೇ ಅಗಲವಾಗಿ, ಸುತ್ತ ಒಂದು ಕಾಲುವೆಯನ್ನು ಮಾತ್ರ ಉಳ್ಳ ತೋಟೆಯಿದು. ಒಂದರ ಮೇಲೊಂದು ಪೇರಿಸಿದರೆ ಅಂಚಿಗೆ ಅಂಚು ತೊಡರುವುದಿಲ್ಲ. ಬುಡದ ಅಗಲ ಸುಮಾರು 12 ಮಿಲಿಮೀಟರು, ಇಂಗ್ಲಿಷ್ ಅಳತೆಯಲ್ಲಿ.473 ಅಂಗುಲ. ಈ ಸಂಖ್ಯೆಯನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಪೌಲ್ ಮೌಸರನು ಇದೇ ಬುಡದ ಮೇಲೆ 7 ಮಿಲಿಮೀಟರ್ ಗುಂಡಿನ ತೋಟೆಯನ್ನು 1892ರಲ್ಲಿ ಮಾಡಿದನು. ಸ್ಪೆಯಿನ್ ದೇಶ ಅದನ್ನು ಕೊಂಡಿತು. 1898ರ ಜುಲೈ 1ರಂದು ಕ್ಯೂಬಾ ದ್ವೀಪದ ಸಾನ್ ಹ್ವಾನ್ ಗುಡ್ಡದ ಮೇಲೆ, ಎಣಿಕೆಯಲ್ಲಿ ತೀರ ಕಡಮೆಯಾಗಿದ್ದ ಸ್ಪೆಯಿನಿನ ಸಿಪಾಯಿಗಳು ಈ ಮೌಸರುಗಳಿಂದ ಅಮೆರಿಕದ ದಂಡಿಗೆ ಬಹಳ ನಷ್ಟವನ್ನುಂಟುಮಾಡಿದರು. ಗುಡ್ಡವನ್ನೇನೋ ಅಮೆರಿಕ ಗೆದ್ದಿತು. ಆದರೆ ಪಾಠವನ್ನು ಮರೆಯಲಿಲ್ಲ. ಐದು ವರ್ಷಗಳಲ್ಲಿ ಅದರದೇ ಆದ ಸ್ಪ್ರಿಂಗ್‌ಫೀಲ್ಡ್ ರೈಫಲು ಹೊರಬಂದಿತು. ಅದು ಮೌಸರನ ರೈಫಲಿಗೆ ಎಷ್ಟು ಹತ್ತಿರವಾಗಿತ್ತೆಂದರೆ, ಅಮೆರಿಕದ ಸರಕಾರವು ಜರ್ಮನಿಯ ಆ ಕಂಪನಿಗೆ 2,00,000 ಡಾಲರುಗಳ ಹಕ್ಕಿನ ಹಣವನ್ನು ತೆರಲು ಒಪ್ಪಬೇಕಾಯಿತು. ಸೋತವನ ಆಯುಧವನ್ನು ಗೆದ್ದವನು ದುಡ್ಡು ಕೊಟ್ಟು ಕಲಿತ ಈ ಪ್ರಸಂಗವನ್ನು ನಾವು ತರಗತಿಗಳಲ್ಲಿ ಹೇಳುವುದು ಕಡಮೆ. 1906ರಲ್ಲಿ ಅಮೆರಿಕವು ಚೂಪು ಮೂತಿಯ ಹಗುರವಾದ ಗುಂಡನ್ನು ಅಂಗೀಕರಿಸಿ, ಕತ್ತನ್ನು ಸ್ವಲ್ಪ ಮೊಟಕುಮಾಡಿತು. ಅದೇ .30-06 ಎಂಬ ಪ್ರಖ್ಯಾತವಾದ ತೋಟೆ. 30 ಎಂಬುದು ನಳಿಗೆಯ ಅಳತೆ, 06 ಎಂಬುದು ಇಸವಿ. ಬುಡ ಮಾತ್ರ ಅದೇ .473.

ಇದೇ ವಂಶದ ಬೇರೊಂದು ಕವಲು ನಮ್ಮ ದೇಶಕ್ಕೂ ಬಂದಿತು. ಮೌಸರನ 7 ಮಿಲಿಮೀಟರ್ ತೋಟೆಗೆ ಲಂಡನ್ನಿನ ರಿಗ್ಬಿ ಕಂಪನಿಯವರು .275 ಎಂದು ಇಂಗ್ಲಿಷ್ ಹೆಸರನ್ನಿಟ್ಟರು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್ಟನಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರಾಗಿದ್ದ ಸರ್ ಜಾನ್ ಹ್ಯೂಯೆಟ್ಟನು ಬಹುಮಾನವಾಗಿ ಕೊಟ್ಟುದು ಆ ತೋಟೆಯ ರೈಫಲನ್ನೇ. ಕಾರ್ಬೆಟ್ಟನ ಪುಸ್ತಕಗಳನ್ನು ಓದಿದವರಿಗೆ ಅದರ ಪರಿಚಯ ಹೇಳಬೇಕಾದುದಿಲ್ಲ.

ಬುಡ ಎಷ್ಟು ಗಟ್ಟಿಯಾದರೂ ಅದನ್ನು ಹಿಡಿದಿರುವ ಉಕ್ಕು ಗಟ್ಟಿಯಾಗಿರಬೇಕಷ್ಟೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕೆಲವು ಸ್ಪ್ರಿಂಗ್‌ಫೀಲ್ಡ್ ರೈಫಲುಗಳು ಸಿಪಾಯಿಗಳ ಮುಖದೆದುರಿಗೇ ಸಿಡಿದುವು. ವಿಚಾರಣೆ ನಡೆಯಿತು. ಸ್ಪ್ರಿಂಗ್‌ಫೀಲ್ಡಿನ ಕಾರ್ಖಾನೆಯಲ್ಲಿ ಉಕ್ಕನ್ನು ಕಾಸಿ ಹದಗೊಳಿಸುವಾಗ, ಶಾಖ ಸಾಕಾಯಿತೇ ಇಲ್ಲವೇ ಎಂಬುದನ್ನು ನುರಿತ ಕೆಲಸಗಾರರು ಕಬ್ಬಿಣದ ಬಣ್ಣವನ್ನು ನೋಡಿ ನಿರ್ಣಯಿಸುತ್ತಿದ್ದರು. ಮೋಡದ ದಿನ ಸರಿಯಾಗಿ ಕಾಣುತ್ತಿದ್ದ ಕೆಂಪು, ಬಿಸಿಲಿನ ದಿನ ಮಂಕಾಗಿ ಕಾಣುವುದು; ಆದ್ದರಿಂದ ಬಿಸಿಲಿನ ದಿನ ಇನ್ನಷ್ಟು ಕಾಸುವರು. ಶಾಖಮಾಪಕವನ್ನಿಟ್ಟು ನೋಡಿದಾಗ ಈ ಎರಡಕ್ಕೂ ಫ್ಯಾರನ್‌ಹೀಟ್ ಮಾನದಲ್ಲಿ 300 ಡಿಗ್ರಿಗಳವರೆಗೆ ವ್ಯತ್ಯಾಸವಿದ್ದುದು ತಿಳಿಯಿತು. ಹೆಚ್ಚು ಬೆಂದ ಉಕ್ಕು ಗಾಜಿನಂತೆ ಪೆಡಸಾಗಿತ್ತು. ಅಲ್ಲಿ ತಯಾರಾದ ಮೊದಲ 8,00,000 ಸಂಖ್ಯೆಯವರೆಗಿನ ರೈಫಲುಗಳೆಲ್ಲ ಸಂದೇಹಕ್ಕೆ ಗುರಿಯಾದುವು. ಈ ವೃತ್ತಾಂತವನ್ನು ಜನರಲ್ ಜೂಲಿಯನ್ ಹ್ಯಾಚರನು ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿರುವನು. ಅನುಭವಿಗಳ ಕಣ್ಣನ್ನು ನಾವು ಹಗುರವಾಗಿ ನೋಡತಕ್ಕುದಲ್ಲ. ಆದರೆ ಅದಕ್ಕೆ ಬಿಸಿಲಿನ ಲೆಕ್ಕ ಗೊತ್ತಿರಲಿಲ್ಲ.

ಈಗ ಮುಂದಿನ ತಲೆಮಾರು. ನ್ಯೂಯಾರ್ಕ್ ಪ್ರಾಂತದ ಬಫಲೋ ನಗರದಲ್ಲಿ ಚಾರ್ಲ್ಸ್ ನ್ಯೂಟನ್ ಎಂಬುವನಿದ್ದನು. ಓದಿದುದು ಕಾನೂನು, ಮನಸ್ಸೆಲ್ಲ ತೋಟೆಗಳ ಮೇಲೆ. ವಕೀಲರು ಇತರ ವಿದ್ಯೆಗಳಲ್ಲಿ ಕೈಹಾಕುವುದು ನಮ್ಮಲ್ಲಿಯೂ ಉಂಟು, ಆದರೆ ಇಷ್ಟು ಫಲಕಾರಿಯಾಗಿ ಹಾಕಿದವರು ವಿರಳ. ಅವನು .30-06ರ ಕೊಳವೆಯನ್ನು ಮೊಟಕುಮಾಡಿ, ಕತ್ತನ್ನು ಕಾಲು ಅಂಗುಲದ ಗುಂಡಿಗೆ ಹೊಂದಿಸಿ, ಸ್ಯಾವೇಜ್ ಕಂಪನಿಯ ಚಿಕ್ಕ ಒಡಲಿನ ರೈಫಲಿಗೆ ಒಂದು ತೋಟೆಯನ್ನು ಮಾಡಿಕೊಟ್ಟನು. ಅದಕ್ಕೆ 100 ಗ್ರೇನ್ ತೂಕದ ಗುಂಡು ತಕ್ಕುದೆಂದು ಅವನ ಮತ. ಒಂದು ತೊಲಕ್ಕೆ 180 ಗ್ರೇನ್. ಎಂದರೆ ಅರ್ಧ ತೊಲಕ್ಕೆ ತುಸು ಹೆಚ್ಚು. ಕಂಪನಿಯವರು ಅದನ್ನು 87 ಗ್ರೇನಿಗೆ ಇಳಿಸಿದರು. ಏಕೆಂದರೆ ಆಗ ಗುಂಡಿನ ವೇಗ ಸೆಕೆಂಡಿಗೆ 3000 ಅಡಿ ಮುಟ್ಟುವುದು. ಜಾಹೀರಾತಿನಲ್ಲಿ ಆ ದುಂಡಗಿನ ಸಂಖ್ಯೆಯನ್ನು ಹಾಕಬಹುದು. 1915ರಲ್ಲಿ ತೋಟೆ .250-3000 ಎಂಬ ಹೆಸರಿನಲ್ಲಿಯೇ ಪೇಟೆಗೆ ಬಂದಿತು. ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 1100 ಅಡಿ. ಸಂಖ್ಯೆಯ ಮೋಹಕ್ಕಾಗಿ ಗುಂಡಿನ ತೂಕ ಕಳೆದ ಈ ವ್ಯಾಪಾರಬುದ್ಧಿಯನ್ನು ನಾವು ಮೆಚ್ಚಲಾರೆವು. ಆದರೆ ಜನ ಮೆಚ್ಚಿದರು. ನ್ಯೂಟನನು ತಾನೇ ಒಂದು ರೈಫಲ್ ಕಂಪನಿಯನ್ನು ಕಟ್ಟಿ, ಜರ್ಮನಿಯಿಂದ ಮೌಸರುಗಳನ್ನು ತರಿಸುವ ಏರ್ಪಾಡು ಮಾಡಿಕೊಂಡನು. ಮೊದಲ ಸರಕು ಬಂದುದು 1914ರ ಆಗಸ್ಟಿನಲ್ಲಿ! ಯುದ್ಧದಿಂದ ಎರಡನೆಯ ಸರಕು ಬರಲೇ ಇಲ್ಲ. ಮತ್ತೆ ಬೇರೆ ಹೆಸರುಗಳಲ್ಲಿ ಕಂಪನಿಗಳನ್ನು ಕಟ್ಟಿದನು, ಯಾವುದೂ ನಿಲ್ಲಲಿಲ್ಲ. 1932ರಲ್ಲಿ ತೀರಿಕೊಂಡನು.

ಅವನು ಬಿಟ್ಟುಹೋದ ಕೊಳವೆಯ ಮೇಲೆ ಬೇರೆಯವರ ಕಣ್ಣು ಬಿದ್ದಿತು. ಅಮೆರಿಕದಲ್ಲಿ ಸರಕಾರದ ಒಪ್ಪಿಗೆಯಿಲ್ಲದ ಬ್ಯಾಂಕಿಗೂ, ಎಣ್ಣೆ ಸಿಕ್ಕುವುದೆಂಬ ನೆಚ್ಚಿಕೆಯಿಲ್ಲದೆ ತೋಡಿದ ಬಾವಿಗೂ ವೈಲ್ಡ್‌ಕ್ಯಾಟ್, ಎಂದರೆ ಕಾಡುಬೆಕ್ಕು, ಎಂದು ಹೆಸರು. ಯಾವ ಕಾರ್ಖಾನೆಯೂ ಮಾರದ, ಖಾಸಗಿಯಾಗಿ ಹುಟ್ಟಿದ ತೋಟೆಗೂ ಈ ಹೆಸರೇ ಅಂಟಿತು. ಇಂಥ ಕಾಡುಬೆಕ್ಕುಗಳನ್ನು ಸಾಕಿದವರು ಸಣ್ಣ ಅಂಗಡಿಯ ಬಂದೂಕ ಕಮ್ಮಾರರು, ಸೈನ್ಯದ ಅಧಿಕಾರಿಗಳು, ಬಿಡುವಿನ ವೇಳೆಯ ಹವ್ಯಾಸಿಗಳು. ಮಿಷಿಗನ್ ಪ್ರಾಂತದ ನೀಡ್ನರನು .30-06ರ ಕತ್ತನ್ನು ಕಾಲು ಅಂಗುಲಕ್ಕೆ ಇಳಿಸಿದನು; ಕರ್ನಲ್ ಟೌನ್ಸೆಂಡ್ ವೇಲನನ ಹೆಸರಿನಲ್ಲಿ 1922ರಲ್ಲಿ ಅದೇ ಕತ್ತು .35 ಅಂಗುಲಕ್ಕೆ ಹಿಗ್ಗಿತು. ಇವರಲ್ಲಿ ಹಲವರಿಗೆ ಬೇಕಾಗಿದ್ದುದು ಅತಿ ಸಣ್ಣ ಗುಂಡು, ಅತಿ ಹೆಚ್ಚಿನ ವೇಗ. ಅಲ್ಲಿಯ ಹೊಲ ಹುಲ್ಲುಗಾವಲುಗಳಲ್ಲಿ ವುಡ್‌ಚಕ್ ಎಂಬ ಬಿಲ ತೋಡುವ ಪ್ರಾಣಿಯುಂಟು, ನಮ್ಮ ಹೆಗ್ಗಣದ ದೊಡ್ಡಣ್ಣ. ಬೆಳೆಯನ್ನು ತಿನ್ನುವುದಲ್ಲದೆ, ಅದರ ಬಿಲದಲ್ಲಿ ಕಾಲಿಟ್ಟ ಕುದುರೆಯ ಕಾಲು ಮುರಿಯುವುದೂ ಉಂಟು. ದೂರದಿಂದ ಹೊಡೆಯಬೇಕಾದರೆ ಗುಂಡು ಬೇಗ ಹೋಗಬೇಕು. ಬೇಗ ಹೋದಷ್ಟೂ ದಾರಿಯಲ್ಲಿ ಅದು ಕೆಳಕ್ಕೆ ಬೀಳುವುದು ಕಡಮೆ. ದೂರವನ್ನು ಅಂದಾಜುಮಾಡುವಲ್ಲಿ ತಪ್ಪಿದರೂ ಗುರಿ ತಪ್ಪುವುದು ಕಡಮೆ.

ಈ ಗುಂಪಿನಲ್ಲಿ ಕ್ಯಾಪ್ಟನ್ ಗ್ರೋವ್‌ನರ್ ವಾಟ್ಕಿನ್ಸ್ ಎಂಬುವನು ಮುಖ್ಯನು. 1885ರ ಒಂದು ಮರೆತುಹೋಗಿದ್ದ ತೋಟೆಯನ್ನು ಅವನೂ ಸ್ಪ್ರಿಂಗ್‌ಫೀಲ್ಡಿನ ಗೆಳೆಯರೂ ಹೊಸ ಮದ್ದಿನಿಂದ ಎಬ್ಬಿಸಿ, .22 ಹಾರ್ನೆಟ್ ಎಂಬುದನ್ನು ಮಾಡಿದರು. ಹಾರ್ನೆಟ್ ಎಂದರೆ ಕಡಜ. 1930ರಲ್ಲಿ ವಿಂಚೆಸ್ಟರ್ ಕಂಪನಿಯವರು ಅದರ ತೋಟೆಗಳನ್ನು ಮಾರಲು ತೊಡಗಿದಾಗ ಅದಕ್ಕೆ ಕಾರ್ಖಾನೆಯ ರೈಫಲೇ ಇರಲಿಲ್ಲ. ಅನಂತರ ವಾಟ್ಕಿನ್ಸನು ನ್ಯೂಟನನ .250 ಕೊಳವೆಯ ಕತ್ತನ್ನು .22ಕ್ಕೆ ಇಳಿಸಿ ನೋಡಿದನು. ನಮ್ಮ ತೋಟೆಯ ಜನನವು ಇಲ್ಲಿ.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹೇಳಬೇಕು. ಕತ್ತನ್ನು ಕಿರಿದುಮಾಡುವವನು ಮೊದಲು ಯೋಚಿಸಬೇಕಾದುದು ಒಡಲಿಗೂ ಬಾಯಿಗೂ ಇರುವ ಪ್ರಮಾಣವನ್ನು. ಹೊಟ್ಟೆ ದೊಡ್ಡದಾಗಿ ಬಾಯಿ ತೀರ ಚಿಕ್ಕದಾದರೆ, ಮದ್ದಿನ ಒಂದು ಭಾಗ ವೇಗವನ್ನು ಕೊಡದೆ ನಳಿಗೆಯ ಗಂಟಲನ್ನು ಸುಡುವುದಕ್ಕೇ ವೆಚ್ಚವಾಗುವುದು. ಆಮೇಲೆ ಹೆಗಲಿನ ಕೋನ. ಬುಡಕ್ಕೆ ಚಾಚಿದ ಅಂಚಿಲ್ಲದ ತೋಟೆಯು ಗೂಡಿನಲ್ಲಿ ತನ್ನ ಹೆಗಲಿನ ಮೇಲೆಯೇ ನಿಲ್ಲುವುದು. ಆದ್ದರಿಂದ ಹೆಗಲಿಗೂ ಬುಡಕ್ಕೂ ಇರುವ ದೂರ ಕೂದಲೆಳೆಯಷ್ಟು ತಪ್ಪಿದರೂ ಕೊಳವೆಯು ಹಿಗ್ಗಿ, ಬುಡದ ಹತ್ತಿರ ಹರಿಯುವ ಭಯವುಂಟು. ಕೊನೆಗೆ ನೆಲೆಗೊಂಡ ರೂಪದಲ್ಲಿ ಈ ಕೋನ 28 ಡಿಗ್ರಿ. ಕೋನ ಕಡಿದಾದಷ್ಟೂ ಹಿತ್ತಾಳೆಯು ಮುಂದಕ್ಕೆ ಹರಿದು ಕತ್ತು ಉದ್ದವಾಗುವುದು ಕಡಮೆಯೆಂಬುದು ಅನುಭವಿಗಳ ಮತ. .250ರ ಕೊಳವೆ ದೊರೆತರೆ ಅಚ್ಚಿನಲ್ಲಿ ಒಮ್ಮೆ ಒತ್ತಿದರೆ ಸಾಕು. ದೊರೆಯದವರು ಸೈನ್ಯದ .30-06ರ ಖಾಲಿ ತೋಟೆಗಳನ್ನೇ ಕತ್ತರಿಸಿ, ಕಾಸಿ, ಹಂತಹಂತವಾಗಿ ಒತ್ತಿ ಮಾಡಿಕೊಳ್ಳುತ್ತಿದ್ದರು. ಬುಡ ಒಂದೇ ಅಲ್ಲವೆ! ಆದರೆ ಹಾಗೆ ಮಾಡಿದಾಗ ಒಡಲಿನ ದಪ್ಪನಾದ ಗೋಡೆಯೇ ಕತ್ತಾಗುವುದು. ಅದನ್ನು ಒಳಗಿನಿಂದ ಕೊರೆದು ತೆಳ್ಳಗೆ ಮಾಡದೆ ಬಿಟ್ಟರೆ ಕತ್ತು ಗೂಡಿನಲ್ಲಿ ಇರುಕಿ, ಗುಂಡನ್ನು ಬಿಡದೆ ಹಿಡಿದು, ಒತ್ತಡ ಮಿತಿಮೀರುವುದು. ಹಿಂದೆ ಹೇಳಿದ ಒಂದು ಗೇಣಿನ ಮಾತು ಇಲ್ಲಿ ನೆನಪಿಗೆ ಬರಬೇಕು.

ವಿಂಚೆಸ್ಟರಿನವರು ವಾಟ್ಕಿನ್ಸನ ಪ್ರಯತ್ನವನ್ನು ಕಂಡು ಸಂತೋಷಪಟ್ಟರು. 1935ರಲ್ಲಿ .220 ಸ್ವಿಫ್ಟ್ ಎಂಬ ತೋಟೆಯನ್ನು ಹೊರತಂದರು: 48 ಗ್ರೇನ್ ಗುಂಡು, ಎಂದರೆ ಕಾಲು ತೊಲಕ್ಕೆ ಸ್ವಲ್ಪ ಮೇಲೆ, ವೇಗ ಸೆಕೆಂಡಿಗೆ 4110 ಅಡಿ. ಅದುವರೆಗೆ ಪೇಟೆಯಲ್ಲಿ ಇಂಥದು ಬಂದಿರಲಿಲ್ಲ. ಆದರೆ ಅವರು ಹಿಡಿದ ಕೊಳವೆ ನ್ಯೂಟನನ .250 ಅಲ್ಲ, ಅಮೆರಿಕದ ನೌಕಾಸೈನ್ಯವು 1895ರಲ್ಲಿ ತೆಗೆದುಕೊಂಡು ಬೇಗನೆ ಕೈಬಿಟ್ಟಿದ್ದ 6 ಮಿಲಿಮೀಟರ್ ಲೀ ತೋಟೆ. ಆಲೋಚನೆ ವಾಟ್ಕಿನ್ಸನದು, ಕೊಳವೆ ಬೇರೊಂದು. ಅವನ .250ರ ಕೂಸು ಮನೆಯಿಲ್ಲದೆ ಬೀದಿಯಲ್ಲಿ ಉಳಿಯಿತು.

ಬೀದಿಯಲ್ಲಿ ಉಳಿದುದನ್ನು ಎತ್ತಿಕೊಂಡವರು ಜೆ. ಇ. ಗೆಬ್ಬಿ ಎಂಬ ಬಂದೂಕ ಕಮ್ಮಾರನೂ ಜೆ. ಬುಷ್ನೆಲ್ ಸ್ಮಿತ್ ಎಂಬ ತೋಟೆ ತುಂಬುವವನೂ. 1937ರಲ್ಲಿ ಅವರು ಅದರ ಅಳತೆಗಳನ್ನು ನೆಲೆಗೊಳಿಸಿದರು. ಪೀಡೆಯ ಪ್ರಾಣಿಗಳಿಗೆ ಅಲ್ಲಿಯ ಆಡುಮಾತಿನಲ್ಲಿ ವರ್ಮಿಂಟ್ ಎಂದು ಹೆಸರು. ಆದ್ದರಿಂದ ತೋಟೆಗೆ ವರ್ಮಿಂಟರ್ ಎಂದು ಹೆಸರಿಟ್ಟು, ಗೆಬ್ಬಿಯು ಆ ಹೆಸರನ್ನು ತನ್ನ ವ್ಯಾಪಾರಮುದ್ರೆಯಾಗಿ ರಿಜಿಸ್ಟರ್ ಮಾಡಿಸಿದನು. ಅವನ ಮನಸ್ಸು ನಮಗೆ ಅರ್ಥವಾಗದೆ ಇಲ್ಲ. ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದುದನ್ನು ಮರುದಿನವೇ ಊರೂರಿನ ಅಂಗಡಿಯವರು ಕೊರೆದು ಮಾರಿದರೆ ಯಾರಿಗೂ ವ್ಯಸನವಾಗುವುದು. ಆದರೆ ಕಾನೂನು ಹೆಸರನ್ನು ಕಾಯಬಲ್ಲದು, ಹಿತ್ತಾಳೆಯ ಕತ್ತನ್ನು ಕಾಯಲಾರದು. ಉಳಿದ ಕಮ್ಮಾರರು ವರ್ಮಿಂಟರ್ ಎಂಬ ಮಾತನ್ನು ಬಿಟ್ಟು, .22-250 ಎಂದು ಬರಿಯ ಲೆಕ್ಕದ ಹೆಸರನ್ನು ಇಟ್ಟುಕೊಂಡು ಕೆಲಸ ಮುಂದುವರಿಸಿದರು. ಮಗನ ಅಳತೆ ಮೊದಲು, ತಂದೆಯ ಹೆಸರು ಆಮೇಲೆ. ಜಗತ್ತಿನಲ್ಲಿ ಉಳಿದುದು ಆ ಹೆಸರೇ.

ಇದರಿಂದ ಬೇರೊಂದು ತೊಡಕು ಬೆಳೆಯಿತು. ಅಮೆರಿಕದ ತೋಟೆ ಕಾರ್ಖಾನೆಗಳವರು 1926ರಲ್ಲಿಯೇ ಕೂಡಿ, ಅಳತೆ ಒತ್ತಡಗಳನ್ನು ಗೊತ್ತುಪಡಿಸುವ ಒಂದು ಸಂಸ್ಥೆಯನ್ನು ಕಟ್ಟಿದ್ದರು. ಅದರ ಪಟ್ಟಿಯಲ್ಲಿ ಕಾಡುಬೆಕ್ಕುಗಳಿಗೆ ಎಡೆಯಿಲ್ಲ. ಒಬ್ಬೊಬ್ಬ ಕಮ್ಮಾರನದೂ ಗೂಡು ಕೊರೆಯುವ ರೀಮರ್ ಒಂದೊಂದು ಬಗೆ. ಹೆಸರು ಒಂದೇ ಆದರೂ ಒಬ್ಬನ ರೈಫಲಿಗಾಗಿ ಮಾಡಿದ ತೋಟೆ ಇನ್ನೊಬ್ಬನದಕ್ಕೆ ಹೊಂದಿತೆಂಬ ಭರವಸೆಯಿಲ್ಲ. ತಂದೆ ಸತ್ತ ಮೇಲೆ ಮಗನ ಕೈಗೆ ಅಂಥ ರೈಫಲು ಬಂದರೆ, ಅದರ ಗೂಡಿನ ಅಚ್ಚನ್ನು ತೆಗೆದು ಅಳೆದು ನೋಡುವವರೆಗೆ ಅದನ್ನು ಹಾರಿಸುವುದು ಕ್ಷೇಮವಲ್ಲ. ಸ್ವಾತಂತ್ರ್ಯದಿಂದ ಹುಟ್ಟಿದ ವಸ್ತುವಿಗೆ ಗೊತ್ತಾದ ಅಳತೆಯಿಲ್ಲದೆ ಇದ್ದುದೇ ದೊಡ್ಡ ಅಪಾಯವಾಗಿತ್ತೆಂದು ನಮಗೆ ತೋರುವುದು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಈ ಜನಕ್ಕೆ ಸುಗ್ಗಿ. ಸೈನ್ಯಗಳಿಗೆ ಬೇಡವಾದ ಮೌಸರ್ ರೈಫಲುಗಳು ಸುಲಭವಾದ ಬೆಲೆಗೆ ದೊರೆತುವು. ಅವುಗಳ ಅಗುಳಿಯ ಮುಖ ಹೇಗೂ.473ಕ್ಕೆ ಕೊರೆದುದೇ. ಕ್ಯಾನ್ಸಸ್ ಪ್ರಾಂತದ ಬ್ರೂಸ್ ಹಾಜ್‌ಡನ್ ಎಂಬುವನು ಸರಕಾರದ ಉಳಿಕೆ ಮದ್ದನ್ನು ಟನ್ನುಗಟ್ಟಲೆ ಕೊಂಡು, ದನದ ಹುಲ್ಲುಗಾವಲಿನಲ್ಲಿ ಒಂದು ಹಳೆಯ ರೈಲ್ವೆ ಗಾಡಿಯೊಳಗೆ ತುಂಬಿಟ್ಟು, ಜನರಿಗೆ ಮಾರಿದನು. ಕೊಲರಾಡೋವಿನ ಟ್ರಿನಿಡಾಡ್ ಕಾಲೇಜಿನಲ್ಲಿ ಬಂದೂಕದ ಕೆಲಸವನ್ನು ಕಲಿಸುತ್ತಿದ್ದ ಪಾರ್ಕರ್ ಆಕ್ಲಿಯು ಯುದ್ಧದ ನಾನಾ ದೇಶಗಳ ರೈಫಲುಗಳನ್ನು ಬೇಕೆಂದೇ ಮದ್ದು ಹೆಚ್ಚಿಸಿ ಸಿಡಿಸಿ, ಯಾವುದು ಎಷ್ಟು ತಾಳುವುದೆಂದು ನೋಡಿದನು. ಹಗುರವೆಂದು ಜನ ನಕ್ಕಿದ್ದ ಜಪಾನಿನ ಅರಿಸಾಕವೇ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು. ಬಂದೂಕದ ಪುಸ್ತಕಗಳಲ್ಲಿ ವರ್ಣನೆ ಬಹಳ, ಪ್ರಯೋಗ ಸ್ವಲ್ಪ. ಆಕ್ಲಿಯಂಥವರು ಅದಕ್ಕೆ ಅಪವಾದ.

ಕೊನೆಗೆ ಕಾರ್ಖಾನೆಯವರಿಗೂ ಕಣ್ಣು ತೆರೆಯಿತು. 1963ರಲ್ಲಿ ಬ್ರೌನಿಂಗ್ ಕಂಪನಿಯವರು .22-250 ರೈಫಲನ್ನು ಮಾರಲು ತೊಡಗಿದರು. ಆಗ ಯಾವ ಕಾರ್ಖಾನೆಯೂ ಆ ತೋಟೆಯನ್ನು ತಯಾರಿಸುತ್ತಿರಲಿಲ್ಲ. ಕೊಂಡವನು ತಾನೇ ತಯಾರಿಸಿಕೊಳ್ಳಬೇಕು. ಮರುವರ್ಷ ವಿಂಚೆಸ್ಟರಿನವರು ತಮ್ಮ ರೈಫಲಿನಲ್ಲಿ ಸ್ವಿಫ್ಟನ್ನು ಕೈಬಿಟ್ಟು, ಅದರ ಸ್ಥಾನದಲ್ಲಿ .225 ಎಂಬ ಹೊಸ ತೋಟೆಯನ್ನು ಕೂರಿಸಿದರು. ಒಂದು ವರ್ಷ ಕಳೆಯುವುದರೊಳಗೆ, 1965ರಲ್ಲಿ, ರೆಮಿಂಗ್ಟನ್ ಕಂಪನಿಯು .22-250ರ ಅಳತೆಗಳನ್ನು ನಿರ್ಣಯಿಸಿ, ರೈಫಲನ್ನೂ ತೋಟೆಯನ್ನೂ ಕೂಡಿಯೇ ಪೇಟೆಗೆ ತಂದಿತು. 55 ಗ್ರೇನ್ ಗುಂಡು, ಸೆಕೆಂಡಿಗೆ ಸುಮಾರು 3700 ಅಡಿ ವೇಗ. ಸ್ವಿಫ್ಟಿಗಿಂತ ತುಸು ಹಿಂದೆ, ಆದರೆ ನಳಿಗೆಯನ್ನು ಸುಡುವುದೆಂಬ ಸ್ವಿಫ್ಟಿನ ಅಪಖ್ಯಾತಿ ಇದಕ್ಕಿಲ್ಲ. 1915ರ ಕೊಳವೆ, 1937ರ ಕತ್ತು. ವಿಂಚೆಸ್ಟರಿನ .225 ಇದರ ಎದುರಿಗೆ ನಿಲ್ಲಲಾರದೆ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ಮೂವತ್ತು ವರ್ಷ ಹಿಂದೆ ವಾಟ್ಕಿನ್ಸನು ತೋರಿಸಿದ್ದ ಕೊಳವೆಯನ್ನು ಆ ಕಂಪನಿ ಬಿಟ್ಟು ನಡೆದಿತ್ತಲ್ಲವೆ!

ನೀಡ್ನರನ .25-06 ಸಹ 1969ರಲ್ಲಿ ಇದೇ ರೆಮಿಂಗ್ಟನ್ ಕಂಪನಿಯ ಮನೆ ಸೇರಿತು, ವೇಲನನ.35 ಅದಕ್ಕೂ ಸುಮಾರು 20 ವರ್ಷಗಳ ಮೇಲೆ. ಇಂದು ಅಂಗಡಿಯಲ್ಲಿ ಕೊಂಡ .22-250 ತೋಟೆಯನ್ನು ತಿರುಗಿಸಿ ನೋಡಿದರೆ ಬುಡದಲ್ಲಿ ಅದನ್ನು ತಯಾರಿಸಿದ ಕಂಪನಿಯ ಹೆಸರಿರುವುದು. ಗೆಬ್ಬಿ, ಸ್ಮಿತ್, ವಾಟ್ಕಿನ್ಸ್, ನ್ಯೂಟನ್ ಇವರ ಹೆಸರುಗಳಿಗೆ ಅಲ್ಲಿ ಜಾಗವಿಲ್ಲ. ಅಳೆದು ನೋಡಿದರೆ ಅಗಲ .473 ಅಂಗುಲ.